ಬಲೆಗೆ ಬಿದ್ದ ಗರಗಸ ಮೀನು: ಬಲೆ ಕೊಯ್ದು ಬಿಡುವುದು ಕಡ್ಡಾಯ ಆಗಬೇಕೆ?

ಪರ: ಬಲೆಯನ್ನು ಮತ್ತೆ ಹೆಣೆಯಬಹುದು

ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಮೂವತ್ತು ವರ್ಷದಲ್ಲಿ ಕರಾವಳಿಯ ಎಷ್ಟೋ ಬಂದರುಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಜೀವಂತ ಗರಗಸ ಮೀನನ್ನು ಒಮ್ಮೆಯೂ ನೋಡಿಲ್ಲ. ನೋಡಿದ್ದು ಬರೀ ಅದರ ಗರಗಸ, ಅಂದರೆ ಎರಡೂ ಅಂಚಿನಲ್ಲಿ ಹಲ್ಲಿರುವ ಉದ್ದ ಮೂತಿ, ಅದೂ ಯಾರದೋ ಮನೆಯ ಗೋಡೆ ಮೇಲೆ. 2021ರ ಮಾರ್ಚ್‌ನಲ್ಲಿ ಮಲ್ಪೆಗೆ ಒಂದು ದೊಡ್ಡ ಗರಗಸ ಮೀನು ಬಂದಾಗ ಅದರ ಫೋಟೊ ಎಲ್ಲರ ಫೋನಿನಲ್ಲೂ ಓಡಾಡಿತು. ಎಲ್ಲರಿಗೂ ಅದು ಅಚ್ಚರಿ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮಕ್ಕಳು ಇದನ್ನು ಶಾರ್ಕ್ ಅಂದುಕೊಳ್ಳುತ್ತಾರೆ. ಇದು ಶಾರ್ಕ್ ಅಲ್ಲ. ಕಿವಿರಿನ ಸೀಳುಗಳು ಮೈಯ ಪಕ್ಕದಲ್ಲಿಲ್ಲ, ಅಡಿಯಲ್ಲಿವೆ. ಹಾಗಾಗಿ ಇದು ತೊರಕೆಯ, ಅಂದರೆ ಚಪ್ಪಟೆ ಮೈಯ ರೇ ಮೀನಿನ ಬಳಗ. ಇಡೀ ಜಗತ್ತಿನಲ್ಲಿ ಇರುವುದು ಐದೇ ಜಾತಿ, ಐದೂ ಅಳಿವಿನ ಅಂಚಿಗೆ ಬಂದಿವೆ. ಗರಗಸದ ಹಲ್ಲು ನಿಜವಾದ ಹಲ್ಲಲ್ಲ, ಚರ್ಮದ ಹುರುಪೆಯೇ ಹಾಗೆ ಬೆಳೆದದ್ದು. ಗರಗಸದ ಮೈತುಂಬ ಸೂಜಿಮೊನೆಯಂಥ ರಂಧ್ರಗಳಿವೆ. ಬೇರೆ ಜೀವಿಯ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತು ಅದಕ್ಕೆ ಗೊತ್ತಾಗುತ್ತದೆ. ಅಳಿವೆಯ ಕೆಸರು ನೀರಿನಲ್ಲಿ ಕಣ್ಣು ಕಾಣದಿದ್ದರೂ ಬೇಟೆ ತಪ್ಪುವುದಿಲ್ಲ. ಹುಡುಕುವುದೂ ಗರಗಸದಿಂದಲೇ, ಬೀಸಿ ಹೊಡೆಯುವುದೂ ಅದರಿಂದಲೇ ಎಂದು ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ತೋರಿಸಿದರು. ಈ ಗರಗಸ ಮುರಿದರೆ ಮತ್ತೆ ಬೆಳೆಯುವುದಿಲ್ಲ.

ಆದರೆ ಅದೇ ಗರಗಸ ಈ ಮೀನಿನ ಪ್ರಾಣಕ್ಕೆ ಎರವಾಗಿದೆ. ಬಲೆಯ ಕಣ್ಣು ದೊಡ್ಡದಿರಲಿ, ಚಿಕ್ಕದಿರಲಿ, ಹಲ್ಲು ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ತಲೆ ಆಡಿಸಿದಷ್ಟೂ ಇನ್ನಷ್ಟು ಸುತ್ತಿಕೊಳ್ಳುತ್ತದೆ.

ಬೂತಾಯಿ, ಬಂಗುಡೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಗರಗಸ ಮೀನು ಮರಿ ಹಾಕುತ್ತದೆ. ದೊಡ್ಡಹಲ್ಲಿನ ಜಾತಿ ಒಂದು ಸಲಕ್ಕೆ ಹಾಕುವುದು ಹೆಚ್ಚೆಂದರೆ 13 ಮರಿ. ತಾಯಿಗೆ ಗಾಯ ಆಗಬಾರದು ಎಂದು ಹುಟ್ಟುವ ಮರಿಯ ಗರಗಸಕ್ಕೆ ಮೆತ್ತನೆಯ ಪೊರೆ ಇರುತ್ತದೆ. ಎಂಥ ಏರ್ಪಾಡು, ಅಲ್ವಾ? ಆ ಮರಿಗಳು ನದಿ ಹತ್ತಿ ಸಿಹಿನೀರಿನಲ್ಲಿ ಕೆಲವು ವರ್ಷ ಬೆಳೆದು ಮತ್ತೆ ಕಡಲಿಗೆ ಇಳಿಯುತ್ತವೆ. ಒಂದು ಬಸುರಿ ಮೀನನ್ನು ದಡಕ್ಕೆ ಎಳೆದರೆ ಇಷ್ಟೂ ಕಥೆ ಅಲ್ಲಿಗೇ ಮುಗಿಯಿತು.

ಮಧ್ಯ ಅಮೆರಿಕದ ನಿಕರಾಗುವ ಸರೋವರದಲ್ಲಿ ಆದದ್ದು ಇದೇ. ಒಂದು ಕಾಲಕ್ಕೆ ಅಲ್ಲಿ ಗರಗಸ ಮೀನು ತುಂಬಿತ್ತು. 1970ರ ದಶಕದಲ್ಲಿ ವ್ಯಾಪಾರಕ್ಕೆಂದು ಸಾವಿರಗಟ್ಟಲೆ ಹಿಡಿದರು. ಥಾಮಸ್ ಥಾರ್ಸನ್ ಎಂಬ ವಿಜ್ಞಾನಿ, ಮೀನು ಮುಗಿಯುತ್ತಾ ಬಂತು ಎಂದು ಎಚ್ಚರಿಸಿದರು. 1980ರ ದಶಕದ ಆರಂಭದಲ್ಲಿ ಸರ್ಕಾರ ತಡೆ ಹಾಕಿತು. ನಲವತ್ತು ವರ್ಷ ಕಳೆದರೂ ಮೀನು ಮರಳಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1995ಕ್ಕೇ ಸಿಕ್ಕುಬಲೆ ನಿಲ್ಲಿಸಿದರು, 2003ರಲ್ಲಿ ಅಲ್ಲಿನ ಗರಗಸ ಮೀನಿಗೆ ಆ ದೇಶದ ಕೇಂದ್ರ ಕಾನೂನಿನ ರಕ್ಷಣೆ ಸಿಕ್ಕಿತು. ಅಲ್ಲಿ ಮೀನು ಇನ್ನೂ ಉಳಿದಿದೆ. 2015ರಲ್ಲಿ ಅಲ್ಲಿನ ನದಿಯಲ್ಲಿ ಗಂಡಿನ ಸಂಗವೇ ಇಲ್ಲದೆ ಹುಟ್ಟಿದ ಏಳು ಹೆಣ್ಣು ಮೀನುಗಳು ಪತ್ತೆಯಾದವು. ಜೊತೆ ಸಿಗದಷ್ಟು ವಿರಳವಾದಾಗ ಹೀಗೂ ಆಗಬಹುದು ಅನ್ನುತ್ತಾರೆ. ಅಷ್ಟು ಹಟ ಹಿಡಿದು ಬದುಕುತ್ತಿರುವ ಜೀವ ಇದು.

ನಮ್ಮಲ್ಲಿ 2001ರಿಂದ ಇದಕ್ಕೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕಾಗದದ ಮೇಲಿದೆ. ಕಾಗದ ಸಾಲದು. ಸಿಕ್ಕ ಕೂಡಲೇ ಬಲೆ ಕೊಯ್ದು ಬಿಡುವುದು ಪ್ರತಿ ಬೋಟಿಗೂ ನಿಯಮ ಆಗಬೇಕು. ತಪ್ಪಿದರೆ ಲೈಸೆನ್ಸ್ ಹೋಗಬೇಕು. ಬಲೆಯ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳುತ್ತಾರೆ. ಬಂಡೆಗೆ ಸಿಕ್ಕಿ ಬಲೆ ಹರಿದಾಗ ಯಾರನ್ನು ಕೇಳುತ್ತೀರಿ? ಮಳೆಗಾಲದ ಎರಡು ತಿಂಗಳು ದಡದಲ್ಲಿ ಕೂತು ಬಲೆ ಸರಿಮಾಡುವವರಿಗೆ ಒಂದು ತೂತು ಹೆಚ್ಚಾಗುತ್ತದೆಯೇ?

ವಿರೋಧ: ಮೊದಲು ಮೀನುಗಾರನ ಕೈಗೆ ಏನಾದರೂ ಕೊಡಿ

ವಿರೋಧದ ಪಾಳಿ ನನಗೆ ಬಂದಿದೆ. ಗರಗಸ ಮೀನು ಉಳಿಯಬೇಕು ಎನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ಬೇಡ ಅನ್ನುತ್ತಿರುವುದು ಈ ಕಡ್ಡಾಯವನ್ನು ಮಾತ್ರ.

ಮೇಡಂ ಬರೆದದ್ದನ್ನು ಓದಿದರೆ ಮೀನುಗಾರ ಕತ್ತಿ ಹಿಡಿದು ಈ ಮೀನಿಗಾಗಿ ಕಾದು ಕೂತಿದ್ದಾನೆ ಅನಿಸುತ್ತದೆ. ಯಾರೂ ಇದನ್ನು ಹುಡುಕಿಕೊಂಡು ಹೋಗುವುದಿಲ್ಲ. ತಾನಾಗಿ ಬೀಳುತ್ತದೆ. ನಿಕರಾಗುವದ್ದು ವ್ಯಾಪಾರಕ್ಕೆಂದೇ ಹಿಡಿದದ್ದು, ಅದನ್ನು ನಮಗೆ ಯಾಕೆ ಹೇಳಬೇಕು?

ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. 1984, ನನಗೆ ಹತ್ತು ವರ್ಷ. ಅಪ್ಪ ಮತ್ತು ಮಾವ ನಾಡದೋಣಿಯಲ್ಲಿ ಕಂತಬಲೆ ಹಾಕುತ್ತಿದ್ದರು. ಬಲೆ ಹೊಸದು, ಸಾಲದ್ದು. ಬೆಳಗಿನ ಜಾವ ಬಲೆ ಎಳೆಯುವಾಗ ಭಾರ ಬಂತು. ದೊಡ್ಡ ತೊರಕೆ ಇರಬೇಕು ಎಂದು ಅಪ್ಪನಿಗೆ ಖುಷಿ. ಹತ್ತಿರ ಬಂದಾಗ ಗರಗಸ ನೀರಿನಿಂದ ಮೇಲೆದ್ದಿತು. ದೋಣಿಗಿಂತ ಸ್ವಲ್ಪವೇ ಚಿಕ್ಕದಂತೆ. ಮಾವ ಬಲೆ ಬಿಡಿಸಲು ಬಗ್ಗಿದರು. ಮೀನು ಒಮ್ಮೆ ತಲೆ ಬೀಸಿತು. ಮಾವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ದೋಣಿಯಲ್ಲಿ ನೀರಿಗಿಂತ ರಕ್ತವೇ ಜಾಸ್ತಿ ಇತ್ತು ಎಂದು ಅಪ್ಪ ಹೇಳುತ್ತಿದ್ದರು.

ಅಪ್ಪ ಬಲೆ ಕೊಯ್ದರು. ಆಗ ಕಾನೂನೂ ಇರಲಿಲ್ಲ, ಮೇಡಮ್ಮೂ ಇರಲಿಲ್ಲ. ಮಾವನ ಜೀವ ಉಳಿಯಲಿ ಎಂದು ಕೊಯ್ದರು. ಅರ್ಧ ಬಲೆ ಮೀನಿನ ಜೊತೆ ಹೋಯಿತು. ಗರಗಸಕ್ಕೆ ಸುತ್ತಿಕೊಂಡೇ ಹೋಯಿತು. ಅದನ್ನು ಬಿಡುಗಡೆ ಅನ್ನಲು ಆಗುತ್ತದೆಯೇ? ಬಾಯಿ, ಮೂತಿಗೆ ಬಲೆ ಸುತ್ತಿಕೊಂಡ ಮೀನು ಎಷ್ಟು ದಿನ ಬದುಕೀತು? ಬಲೆ ಕೊಯ್ಯುವುದಲ್ಲ, ಬಲೆ ಬಿಡಿಸಬೇಕು. ಮೀನನ್ನು ನೀರಲ್ಲೇ ಇಟ್ಟು, ಗರಗಸ ಹಿಡಿದು ಎತ್ತದೆ, ಎಳೆ ಎಳೆಯಾಗಿ ಕತ್ತರಿಸಬೇಕು. ಅದಕ್ಕೆ ಉದ್ದ ಹಿಡಿಯ ಕತ್ತಿ ಬೇಕು, ಕಲಿಸುವವರು ಬೇಕು. ನಮ್ಮ ಬಂದರಿನಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಬಂದು ಕಲಿಸಿಲ್ಲ.

2001ರಲ್ಲಿ ಕಾನೂನು ಮಾಡಿದ್ದೂ ಹೀಗೇ. ಜುಲೈಯಲ್ಲಿ ಎಲ್ಲ ಶಾರ್ಕ್, ತೊರಕೆ ಹಿಡಿಯುವುದೂ ಅಪರಾಧ ಎಂದರು. ಕಡಲಿಗೆ ಹೋಗುವವರನ್ನು ಯಾರು ಕೇಳಿದರು? ವಿರೋಧ ಬಂದ ಮೇಲೆ ಡಿಸೆಂಬರ್‌ನಲ್ಲಿ ಹತ್ತು ಜಾತಿಗೆ ಇಳಿಸಿದರು. ಈಗ ತಪ್ಪಿದವನಿಗೆ ಕನಿಷ್ಠ ಮೂರು ವರ್ಷ ಜೈಲು. ಹಾಗಾಗಿ ಮೀನು ಸಿಕ್ಕವನು ಬಾಯಿ ಬಿಡುವುದಿಲ್ಲ. ವಿಜ್ಞಾನಿಗಳಿಗೆ ಲೆಕ್ಕವೂ ಸಿಗುವುದಿಲ್ಲ.

ಮಹಾರಾಷ್ಟ್ರವನ್ನು ನೋಡಿ. 2018ರ ಕೊನೆಯಿಂದ, ರಕ್ಷಿತ ಜೀವಿಯನ್ನು ಬಿಡಲು ಬಲೆ ಕೊಯ್ದವರಿಗೆ ಅಲ್ಲಿ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ. ಫೋಟೊ ತೋರಿಸಿದರೆ ಆಯಿತು. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಉಳಿದದ್ದೂ ಮೀನುಗಾರರನ್ನು ಜೊತೆಗೆ ಕರೆದುಕೊಂಡ ಮೇಲೆ. ಅಂಥದ್ದು ಇಲ್ಲಿ ಬರಲಿ, ಆಮೇಲೆ ಕಡ್ಡಾಯ ಮಾಡಿ.

ಆ ಬಲೆಯ ಸಾಲ ತೀರಲು ಅಪ್ಪನಿಗೆ ಎರಡು ವರ್ಷ ಹಿಡಿಯಿತು. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಮೇಡಂ ಹೇಳುವ ಒಂದು ತೂತು ಅದು.