ಅರ್ಧ ಕಾರ್ಟನ್ ದೇಶ

ಕೊಡಗಿನ ಸುಗ್ಗಿಹಬ್ಬ ಪುತ್ತರಿಗೆಂದು ಮಸ್ಕತ್ತಿನಿಂದ ಹೊರಟ ಅಣ್ಣನ ಮಗ ಕೇರಳದ ಕಣ್ಣೂರಿನಲ್ಲಿ ಇಳಿದು, ಇರಿಟ್ಟಿ ದಾಟಿ, ಗಡಿಯ ಮಾಕುಟ್ಟದ ಕಾಡಿನಲ್ಲಿ ಕುಲುಕಿಕೊಂಡು ವಿರಾಜಪೇಟೆ ಮುಟ್ಟುವ ಹೊತ್ತಿಗೆ ಅವನ ಹತ್ತಿರ ಇದ್ದದ್ದು ಒಂದೂವರೆ ಲೀಟರ್ ವಿಸ್ಕಿ, 100 ಸಿಗರೇಟು ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ರಸೀದಿಗಳು. ಪಾಸ್‌ಪೋರ್ಟ್ ಎಲ್ಲೋ ಬ್ಯಾಗಿನ ತಳದಲ್ಲಿತ್ತು, ರಸೀದಿ ಮಾತ್ರ ಎದೆಯ ಜೇಬಿನಲ್ಲಿ. ಯಾಕೋ ಎಂದೆ. "ಬಾಟಲಿ ಒಡೆದರೆ ಒಡೀಲಿ ಚಿಕ್ಕಪ್ಪ, ಬಿಲ್ಲು ಹರಿದರೆ ನಾನು ಕಳ್ಳ" ಎಂದ.

ನಮ್ಮ ಕಸ್ಟಮ್ಸ್ ನಿಯಮ ನಿಮಗೆಲ್ಲ ಬಾಯಿಪಾಠವೇ. ಹೊರದೇಶದಿಂದ ಬರುವವನಿಗೆ ಸುಂಕವಿಲ್ಲದೆ 2 ಲೀಟರ್. ಬಾಟಲಿಗಳೋ ಮುಕ್ಕಾಲು ಲೀಟರಿನವು. ಎರಡು ತಂದರೆ ಅರ್ಧ ಲೀಟರ್ ದೇಶಕ್ಕೇ ಬಿಟ್ಟುಕೊಟ್ಟ ಹಾಗೆ. ಮೂರು ತಂದರೆ 250 ಎಂಎಲ್ ಹೆಚ್ಚಾಯಿತು, ವಿಸ್ಕಿಯಾದರೆ ಶೇಕಡಾ 150ರ ಸುಂಕದ ಬಾಯಿಗೆ ಬಿದ್ದಿರಿ. ಒಂದು ಲೀಟರಿನ ಎರಡು ಬಾಟಲಿ ತರಬಾರದೇ ಎನ್ನಬೇಡಿ. ಪಕ್ಕದ ತೋಟದ ಸುಬೇದಾರ್ ಮಾವ ಹೇಳಿಕಳಿಸಿದ್ದು ಮುಕ್ಕಾಲಿನಲ್ಲಿ ಮಾತ್ರ ಇತ್ತಂತೆ.

ಸಿಗರೇಟಿನದು ಇನ್ನೂ ಸೊಗಸು. ಪ್ರಪಂಚದ ಡ್ಯೂಟಿ ಫ್ರೀ ಅಂಗಡಿಗಳು ಹೆಚ್ಚಾಗಿ ಮಾರುವುದು 200 ಸಿಗರೇಟಿನ ಕಾರ್ಟನ್. ನಮ್ಮ ಮಿತಿ 100. ಮೊದಲು ನಮ್ಮಲ್ಲೂ 200 ಇತ್ತು, 2014ರ ಬಜೆಟ್ಟಿನಲ್ಲಿ ಅರ್ಧಕ್ಕೆ ಇಳಿಸಿದರು. ನೂರನೆಯ ಸಿಗರೇಟಿನವರೆಗೆ ಶ್ವಾಸಕೋಶಕ್ಕೆ ಭಾರತ ಸರ್ಕಾರದ ಅಭಯಹಸ್ತ, ನೂರಾ ಒಂದನೆಯದಕ್ಕೆ ಸುಂಕ. ಸಿಗರೇಟು ಬೇಡವೆಂದರೆ 25 ಚುರುಟು, ಅದೂ ಬೇಡವೆಂದರೆ 125 ಗ್ರಾಂ ಹೊಗೆಸೊಪ್ಪು. ಇ-ಸಿಗರೇಟು ಮಾತ್ರ ತಂದೀರಿ ಜೋಕೆ, 2019ರಿಂದ ಅದಕ್ಕೆ ಕಾನೂನೇ ಅಡ್ಡ. ಸೇದಿ ಕೆಡಲು ಅಡ್ಡಿಯಿಲ್ಲ, ಹಳೆಯ ಪದ್ಧತಿಯಲ್ಲೇ ಕೆಡಬೇಕು.

ಒಬ್ಬರ ಪಾಲನ್ನು ಇನ್ನೊಬ್ಬರದಕ್ಕೆ ಕೂಡಿಸುವಂತಿಲ್ಲ ಎಂದೂ ಇದೆ. ಹಾಗಾಗಿ ಅಮೆರಿಕದ ಮಗಳ ಬಾಣಂತನ ಮುಗಿಸಿ ಬರುವ ಅಜ್ಜಿಯರ ಚೀಲದಲ್ಲೂ 2 ಲೀಟರ್ ಬೆಚ್ಚಗೆ ಕೂತಿರುತ್ತದೆ. ಬೇರೆ ಜಿಲ್ಲೆಯಾದರೆ ಅಧಿಕಾರಿಗೆ ಅನುಮಾನ ಬಂದೀತು. ಕೊಡಗಿನ ಅಜ್ಜಿಯಾದರೆ ಅದು ನಿಜವಾಗಿ ಅವರದ್ದೇ ಇರಬಹುದು.

ಇಷ್ಟು ಪರೀಕ್ಷೆ ಪಾಸಾಗಿ ಹೊರಬಂದರೆ ದೇಶದೊಳಗೆ ಬಂದೆವು ಎಂದುಕೊಳ್ಳುತ್ತೇವೆ. ಯಾವ ದೇಶ? ಸಂವಿಧಾನದಲ್ಲಿ ಮದ್ಯ ರಾಜ್ಯಗಳ ಪಟ್ಟಿಗೆ ಸೇರಿದ್ದು. ಬಾಟಲಿಯ ಕಣ್ಣಿಗೆ ಒಂದೊಂದು ರಾಜ್ಯವೂ ಒಂದೊಂದು ದೇಶ. ದೇಶದೊಳಗಿನ ವಿಮಾನದ ಹೊಟ್ಟೆಯಲ್ಲಿ 5 ಲೀಟರ್ ಹಾಕಿಕೊಂಡು ಹಾರಬಹುದು, ಇಳಿದ ಊರಿನಲ್ಲಿ ಅದೇ ಬಾಟಲಿ ಅಪರಾಧವಾದೀತು. ನಮ್ಮ ಬಾಟಲಿಯ ಮೇಲೆ ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬರೆದಿರುತ್ತದೆ, ಕೇರಳದ ಗಡಿಯ ಕೂಟುಪುಳ ಸೇತುವೆ ದಾಟಿದರೆ ಅದು ಕಳ್ಳಮಾಲು. ಕೇರಳದಲ್ಲಿ 3 ಲೀಟರ್ ಇಟ್ಟುಕೊಳ್ಳಬಹುದು, ಕೇರಳದಲ್ಲೇ ಕೊಂಡಿರಬೇಕು. ತಿಂಗಳ ಒಂದನೇ ತಾರೀಖು ಅಲ್ಲಿ ಅಂಗಡಿ ಬಂದ್. ಆ ದಿನ ಗಡಿಯ ಈಚೆ ನಮ್ಮ ಕುಟ್ಟದ ಕಡೆ ಸಂಬಂಧಿಕರ ಮೇಲೆ ಕೆಲವರಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ತಲಶ್ಶೇರಿಯ ಪಕ್ಕದಲ್ಲಿ ಮಾಹೆ, ನಾಲ್ಕು ಹೆಜ್ಜೆಯ ಊರು, ಪುದುಚೇರಿಗೆ ಸೇರಿದ್ದು, ಮದ್ಯ ಅಗ್ಗ. ಅಲ್ಲಿ ಕೊಂಡದ್ದನ್ನು ಬಾಟಲಿಯಲ್ಲಿ ತಂದರೆ ಕೇರಳದಲ್ಲಿ ಕೇಸು, ಹೊಟ್ಟೆಯಲ್ಲಿ ತಂದರೆ ಬಸ್ ಟಿಕೆಟ್ ಸಾಕು.

ಹೆಸರುಗಳನ್ನಂತೂ ಕೇಳಲೇಬೇಡಿ. ಕಾಕಂಬಿಯಿಂದ ಇಳಿಸಿದ ನಮ್ಮದೇ ಬ್ರಾಂದಿಗೆ ಕೇರಳದಲ್ಲಿ 'ಇಂಡಿಯನ್ ಮೇಡ್ ಫಾರಿನ್ ಲಿಕ್ಕರ್' ಎಂಬ ಬಿರುದು. ಹಾಗಾದರೆ ನಿಜವಾಗಿ ವಿದೇಶದಿಂದ ಬಂದದ್ದಕ್ಕೆ ಏನನ್ನಬೇಕು? 'ಫಾರಿನ್ ಮೇಡ್ ಫಾರಿನ್ ಲಿಕ್ಕರ್'. ಕಚೇರಿಯಲ್ಲಿ ಕೂತು ಇದನ್ನು ಬರೆದವರು ಆ ಹೊತ್ತಿಗೆ ಯಾವುದನ್ನು ಕುಡಿದಿದ್ದರೋ.

ಸುಬೇದಾರ್ ಮಾವನ ವಿಷಯ ಬಂತಲ್ಲ. ಅವರಿಗೆ ಮಿಲಿಟರಿ ಕ್ಯಾಂಟೀನಿನ ಕೋಟಾ ಇದೆ, ಕುಡಿಯುವುದು ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ತಿಂಗಳಿಗೊಮ್ಮೆ ಇಸ್ತ್ರಿ ಹಾಕಿದ ಶರ್ಟು ತೊಟ್ಟು ಹೋಗಿ ತಂದೇ ತರುತ್ತಾರೆ. ನಮ್ಮ ಭಾಗದಲ್ಲಿ ಆ ರಮ್ಮು ನೋಟಿಗಿಂತ ಚೆನ್ನಾಗಿ ಚಲಾವಣೆಯಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದಾಗ, ಪಂಪ್ ಕೆಟ್ಟಾಗ, ಸರ್ವೆ ಕಾಗದ ಕಳೆದುಹೋದಾಗ ಮಾವ ಒಂದು ಬಾಟಲಿ ಎತ್ತಿ ಮೇಜಿನ ಮೇಲೆ ಇಡುತ್ತಾರೆ, ಮಾತಾಡುವುದಿಲ್ಲ. ಮಾರಾಟ ನಿಷಿದ್ಧ, ಕೃತಜ್ಞತೆ ನಿಷಿದ್ಧವಲ್ಲ. ವಿಸ್ಕಿ ತರಿಸಿದ್ದು ಮಾತ್ರ ಗುರು ಕಾರೋಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಮೀದಿ ಎಂಬ ಎಡೆ ಇಡಲಿಕ್ಕಂತೆ. ಹಿರಿಯರಿಗೂ ವರ್ಷವಿಡೀ ರಮ್ಮು ಕೊಟ್ಟರೆ ಬೇಜಾರಾಗುವುದಿಲ್ಲವೇ ಎಂದರು.

ಅದೇ ಮಾವನ ಗೋಡೆಯ ಮೇಲೆ ಕೋವಿ ನೇತಾಡುತ್ತದೆ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿಯವರಿಗೆ ಕೋವಿಗೆ ಲೈಸೆನ್ಸ್ ಬೇಡ, ಬ್ರಿಟಿಷರ ಕಾಲದ ವಿನಾಯಿತಿ, ಈಗ 2029ರವರೆಗೆ ಮುಂದುವರಿದಿದೆ. ಕೋವಿಯ ವಿಷಯದಲ್ಲಿ ಸರ್ಕಾರಕ್ಕೆ ನಮ್ಮ ಮೇಲೆ ಪೂರ್ತಿ ನಂಬಿಕೆ. ಬಾಟಲಿಯ ವಿಷಯದಲ್ಲಿ ಮಾತ್ರ ಬಿಲ್ಲು ತೋರಿಸಿ.

ನಗು ಇಲ್ಲಿಗೆ ಸಾಕು. ಹಗಲಿಡೀ ಕಾಫಿ ಕುಯ್ದು, ಶನಿವಾರದ ಬಟವಾಡೆ ಹಿಡಿದು, ಮುಂಡಿನ ಮಡಿಕೆಯಲ್ಲಿ 90 ಎಂಎಲ್‌ನ ಎರಡು ಟೆಟ್ರಾ ಪ್ಯಾಕ್ ಇಟ್ಟುಕೊಂಡು ಗಡಿಯಾಚೆಯ ಮನೆಗೆ ಹೋಗುವ ಆಳನ್ನು ಯಾವುದೋ ಒಂದು ಗೇಟಿನಲ್ಲಿ ಬಸ್ಸಿನಿಂದ ಇಳಿಸಿ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಅವನಿಗೆ ವಿಮಾನ ನಿಲ್ದಾಣದಲ್ಲಿ ಸುಂಕದ ಮಾಲಿಲ್ಲದವರು ನಡೆದುಹೋಗುವ ಹಸಿರು ಚಾನೆಲ್ ಇಲ್ಲ, ರಸೀದಿ ಇಡುವ ಎದೆಯ ಜೇಬೂ ಇಲ್ಲ. ಬಸ್ಸು ಹೊರಟುಹೋಯಿತು, ಕತ್ತಲಾಗಿತ್ತು, ಆನೆ ಇಳಿಯುವ ದಾರಿ. ಸುಂಕವಿಲ್ಲದೆ ಸ್ಕಾಚ್ ತಂದವನ ಕಾರು ಅದೇ ಗೇಟಿನಲ್ಲಿ ಹಾರ್ನ್ ಮಾಡಿ ದಾಟಿತು. 2018ರಲ್ಲಿ ಗುಡ್ಡ ಕುಸಿದು ಮಾಕುಟ್ಟದ ರಸ್ತೆಯೇ ಮುಚ್ಚಿಹೋಗಿತ್ತು, ಇಂದಿಗೂ ಮಳೆ ಹಿಡಿದರೆ ಆ ದಾರಿಯಲ್ಲಿ ಜೀವ ಕೈಯಲ್ಲಿ. ರಸ್ತೆ ಜರಿದರೆ ಕೇಳುವವರಿಲ್ಲ, ಮುಂಡಿನ ಮಡಿಕೆ ಜರಿದರೆ ನಾಲ್ಕು ಟಾರ್ಚು.

ರಜೆ ಮುಗಿಸಿ ಹೊರಟ ಹುಡುಗನಿಗೆ ಅತ್ತಿಗೆ ಮನೆಯ ನೆಲ್ಲಿಕಾಯಿ ವೈನ್ ಕೊಡಲು ಬಂದರು. ಬಿಲ್ಲಿಲ್ಲ, ಲೇಬಲ್ಲಿಲ್ಲ, ದಾಟುವುದು ಕೇರಳ. ಬೇಡವೆಂದು ನಾವೇ ಕುಡಿದು ಮುಗಿಸಿದೆವು. ಬದಲಿಗೆ ಒಂದು ಬಾಟಲಿ ಕಾಚಂಪುಳಿ, ನಮ್ಮ ಕಡೆಯ ಕಪ್ಪನೆಯ ಕಡುಹುಳಿ ರಸ, ಹಾಕಿಕೊಟ್ಟರು, ಮಸ್ಕತ್ತಿನಲ್ಲಿ ಯಾವ ಮಾಂಸಕ್ಕಾದರೂ ಬಿಟ್ಟುಕೊಳ್ಳಲಿ ಎಂದು. ದಾರಿಯಲ್ಲಿ ಒಂದು ಕಡೆ ತಪಾಸಣೆಯವರು ಡಿಕ್ಕಿ ತೆಗೆಸಿ, ಕಪ್ಪು ಬಾಟಲಿ ಎತ್ತಿ ಮೂಸಿದರಂತೆ. ಇದೇನು ಎಂದಾಗ ಹುಳಿ ಎಂದನಂತೆ ಇವನು. ನಂಬಬೇಕಲ್ಲ. ಒಬ್ಬರು ಮುಚ್ಚಳಕ್ಕೆ ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಎತ್ತಿದರು.

"ಆಮೇಲೆ ಏನಾಯ್ತೋ?" ಎಂದೆ ಫೋನಿನಲ್ಲಿ.

"ಬಿಲ್ಲು ಕೇಳಲಿಲ್ಲ ಚಿಕ್ಕಪ್ಪ, ನೀರು ಕೇಳಿದರು."