ಮಳೆಯ ಪರಿಣಾಮಕ್ಕೊಂದು ಕ್ರಿಯಾಪದ

ಮುಂಗಾರಿಗೆ ಹದಿನೈದು ದಿನ ಮುಂಚೆ ಬೆಂಗಳೂರಿನ ಒಂದು ಕಚೇರಿಯಿಂದ ನನಗೆ ಕರೆ ಬಂತು. ರಸ್ತೆಬದಿಯಲ್ಲಿ ನಿಲ್ಲಿಸಬೇಕಾದ ಫಲಕವೊಂದರ ಇಂಗ್ಲಿಷ್ ಒಕ್ಕಣೆ ಸಿದ್ಧವಾಗಿದೆ, ಅದರ ಕನ್ನಡವನ್ನು ಒಮ್ಮೆ ನೋಡಿಕೊಡಬೇಕು ಎಂಬುದು ಕೋರಿಕೆ. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನೇ ಆಡಳಿತ ಭಾಷೆಯೆಂದು ಸಾರಿದ ಮೇಲೂ ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ಇಳಿಸುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಹೊಸದೇನಲ್ಲವಾದ್ದರಿಂದ, ಕನ್ನಡಕ ಒರೆಸಿಕೊಂಡು ಹೋದೆ.

ಇಂಗ್ಲಿಷಿನಲ್ಲಿ, ಮಳೆಯ ದುಷ್ಪರಿಣಾಮಗಳನ್ನು ‘ಕೌಂಟರಾಕ್ಟ್’ ಮಾಡುವ ಕಾಮಗಾರಿ ಎಂದಿತ್ತು. ಕನ್ನಡದಲ್ಲಿ ಅದು ‘ಮಳೆಯ ಪರಿಣಾಮಗಳಿಗೆ ಪ್ರತಿಕ್ರಿಯಿಸುವ ಕಾಮಗಾರಿ’ ಎಂದಾಗಿತ್ತು. ಇದು ತಪ್ಪು ಎಂದೆ. ಅಧಿಕಾರಿಗಳು ಒಪ್ಪಲಿಲ್ಲ. ‘ಕೌಂಟರ್’ ಎಂದರೆ ಪ್ರತಿ, ‘ಆಕ್ಟ್’ ಎಂದರೆ ಕ್ರಿಯೆ, ಎರಡನ್ನೂ ಕೂಡಿಸಿದರೆ ಪ್ರತಿಕ್ರಿಯೆಯೇ ತಾನೇ ಸಾರ್, ಎಂದು ಎರಡು ಬೆರಳು ಜೋಡಿಸಿ ತೋರಿಸಿದರು. ಲೆಕ್ಕ ತಪ್ಪಿರಲಿಲ್ಲ, ಉತ್ತರ ಮಾತ್ರ ತಪ್ಪಿತ್ತು. ಪ್ರತಿಕ್ರಿಯಿಸುವುದು ‘ರಿಯಾಕ್ಟ್’, ಆಗಿದ್ದನ್ನು ನೋಡಿ ಆಮೇಲೆ ಏನಾದರೂ ಮಾಡುವುದು, ಅಥವಾ ಏನಾದರೂ ಹೇಳುವುದು. ‘ಕೌಂಟರಾಕ್ಟ್’ ಎಂಬುದಕ್ಕೆ ಅಷ್ಟು ಸಾಲದು. ಒಂದು ಪರಿಣಾಮದ ಎದುರು ಇನ್ನೊಂದು ಪರಿಣಾಮವನ್ನು ನಿಲ್ಲಿಸಿ ಮೊದಲನೆಯದರ ಬಲ ಕುಂದಿಸಬೇಕು, ಸಾಧ್ಯವಾದರೆ ಇಲ್ಲವಾಗಿಸಬೇಕು. ಅದು ಸಕರ್ಮಕ ಕ್ರಿಯಾಪದ, ಕರ್ಮವಿಲ್ಲದೆ ನಿಲ್ಲುವುದಿಲ್ಲ. ಆ ಕರ್ಮವೂ ಸಾಮಾನ್ಯವಾಗಿ ಮನುಷ್ಯನಲ್ಲ. ವಿಷ, ಕಹಿ, ಆಯಾಸ, ಬೆಲೆಯೇರಿಕೆಯಂಥ ಯಾವುದೋ ಪರಿಣಾಮ. ಎದುರಾಳಿ ರಾಜಕಾರಣಿಯ ಮಾತಿಗೆ ಎದುರುತ್ತರ ಕೊಡುವುದಕ್ಕೆ ಬರಿಯ ‘ಕೌಂಟರ್’ ಸಾಕು, ಆ ಪದವನ್ನು ನಮ್ಮ ಟೀವಿ ವಾಹಿನಿಗಳು ಈಗಾಗಲೇ ಕನ್ನಡವಾಗಿಸಿವೆ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದರು. ‘ಮುರಿಯುವ’ ಎಂದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವುದು ಕಹಿ ಮುರಿಯಲಿ ಎಂದು, ಜೀರಿಗೆ ಕಷಾಯ ಕುಡಿಯುವುದು ಪಿತ್ತ ಮುರಿಯಲಿ ಎಂದು. ಬೆಲ್ಲ ಹಾಕಿದ ಮಾತ್ರಕ್ಕೆ ಹಾಗಲಕಾಯಿಯ ಕಹಿ ಎಲ್ಲಿಗೂ ಓಡಿಹೋಗುವುದಿಲ್ಲ, ನಾಲಿಗೆಗೆ ಕಾಟ ಕೊಡುವುದು ಕಡಿಮೆಯಾಗುತ್ತದೆ ಅಷ್ಟೇ. ಇಂಗ್ಲಿಷ್ ಪದದ ಇಂಗಿತವೂ ಅಷ್ಟೇ. ನಮ್ಮ ಅಜ್ಜಿಯರು ಯಾವ ಸುತ್ತೋಲೆಯೂ ಇಲ್ಲದೆ ಬಳಸುತ್ತಿದ್ದ ಈ ಪದವನ್ನು ಕೇಳಿ ಅಧಿಕಾರಿಗಳು ಗಾಬರಿಯಾದರು. ‘ಮುರಿಯುವ ಕಾಮಗಾರಿ ಎಂದು ಬೋರ್ಡು ಹಾಕಿದರೆ ಏನನ್ನು ಮುರಿದಿರಿ ಎಂದು ಪತ್ರಿಕೆಯವರು ಪಟ್ಟಿ ಕೇಳುತ್ತಾರೆ ಸಾರ್’ ಎಂದರು. ಪಟ್ಟಿ ಉದ್ದವಿತ್ತು ಎಂಬುದು ಅವರಿಗೂ ಗೊತ್ತಿತ್ತು.

‘ಸರಿದೂಗಿಸುವ’ ಎಂದರೆ ಆಗದೇ ಎಂದು ಪಕ್ಕದ ಮೇಜಿನವರು ಕೇಳಿದರು. ಅದು ‘ಆಫ್‌ಸೆಟ್’ ಎಂಬ ಬೇರೆಯೇ ಪದ. ಅಲ್ಲಿ ನಷ್ಟ ಇದ್ದಲ್ಲೇ ಇರುತ್ತದೆ, ಇನ್ನೆಲ್ಲೋ ಒಂದು ಲಾಭ ತೋರಿಸಿ ಲೆಕ್ಕ ಚುಕ್ತಾ ಮಾಡಲಾಗುತ್ತದೆ. ಮೇಲ್ಸೇತುವೆಗಾಗಿ ಇಲ್ಲಿ ಸಾಲುಮರ ಕಡಿದು, ಊರಾಚೆ ಎಲ್ಲೋ ಮೊಣಕಾಲೆತ್ತರದ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಸರಿದೂಗಿಸುವುದು. ಮರ ಹೋದ ಬೀದಿಯ ಬಿಸಿಲನ್ನು ಆ ಸಸಿ ಮುರಿಯುವುದಿಲ್ಲ.

ಕಚೇರಿಯಿಂದ ಹೊರಬಂದ ಮೇಲೆ ನನ್ನ ಪಾಂಡಿತ್ಯದ ಬಗ್ಗೆ ನನಗೇ ಅನುಮಾನ ಬಂತು. ಈ ಕ್ರಿಯಾಪದದ ಕರ್ಮ ‘ಪರಿಣಾಮ’ ಎಂದು ನಾನು ಪಾಠ ಹೇಳಿದ್ದೆನಲ್ಲ, ಆ ಪಾಠವನ್ನು ಈ ಊರು ನನಗಿಂತ ಮೊದಲೇ ಅಕ್ಷರಶಃ ಕಲಿತಿತ್ತು. ಕಾರಣದ ತಂಟೆಗೇ ಅದು ಹೋಗುವುದಿಲ್ಲ. ಬೆಳ್ಳಂದೂರು ಕೆರೆಗೆ ಊರಿನ ಕೊಳಚೆಯೂ ಸಾಬೂನಿನ ನೀರೂ ಹರಿದು, ನೊರೆ ಎದ್ದು ರಸ್ತೆಗೆ ಹಾರತೊಡಗಿದಾಗ, ಕೊಳಚೆಯನ್ನು ತಡೆಯುವ ಮೊದಲು ನೊರೆಗೆ ಅಡ್ಡಲಾಗಿ ಬಲೆ ಕಟ್ಟಲಾಯಿತು. 2017ರಲ್ಲಿ ಅದೇ ಕೆರೆಗೆ ಬೆಂಕಿ ಹೊತ್ತಿಕೊಂಡಿತು. ನೀರಿನಿಂದ ಬೆಂಕಿ ಆರುತ್ತದೆ ಎಂಬ ಸಾಲನ್ನು ಈ ಕ್ರಿಯಾಪದದ ಸುಲಭ ಉದಾಹರಣೆಯಾಗಿ ಕೊಡಬಹುದೆಂದಿದ್ದ ನನಗೆ ಅಂದಿನಿಂದ ಆ ಧೈರ್ಯವಿಲ್ಲ.

ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ, ಪಂಪು ಮಾಡಿ ಈ ಊರಿಗೆ ಏರಿಸುತ್ತೇವೆ. ಆಕಾಶದಿಂದ ಪುಕ್ಕಟೆಯಾಗಿ ಬೀಳುವ ನೀರನ್ನು ತಳಮಹಡಿಗಳಿಂದ ಪಂಪು ಮಾಡಿಯೇ ಹೊರಗೆ ಚೆಲ್ಲುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಕಂಪನಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಪ್ರವಾಹ ಬರವನ್ನು ಮುರಿಯಬೇಕು, ಬರ ಪ್ರವಾಹವನ್ನು ಮುರಿಯಬೇಕು ಎಂಬುದು ವ್ಯಾಕರಣ. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳ ಮೇಲೆ ಮನೆ ಕಟ್ಟಿಕೊಂಡ ಊರಿನಲ್ಲಿ ಇವೆರಡೂ ಮುಖಾಮುಖಿಯಾಗದೆ ಪಾಳಿಯ ಮೇಲೆ ಬಂದುಹೋಗುತ್ತವೆ.

ಪರಸ್ಪರ ಎಂಬ ಪದದೊಡನೆಯೂ ಈ ಕ್ರಿಯಾಪದ ಚೆನ್ನಾಗಿ ಒಗ್ಗುತ್ತದೆ. ಆ ಪ್ರಯೋಗ ಕಲಿಯುವವರು ನಮ್ಮ ಬೀದಿಗೆ ಬರಬಹುದು. ವಾಹನಗಳು ಸರಾಗವಾಗಿ ಓಡಲೆಂದು ಒಬ್ಬರು ಡಾಂಬರು ಹಾಕಿದರು, ಸರಾಗ ಹೆಚ್ಚಾಯಿತೆಂದು ಇನ್ನೊಬ್ಬರು ಉಬ್ಬು ಹಾಕಿದರು, ಕೇಬಲ್ಲಿಗಾಗಿ ಮೂರನೆಯವರು ಅಗೆದರು, ಅಗೆದ ಗುಂಡಿ ಉಬ್ಬಿನ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತಿರುವುದರಿಂದ ಉಬ್ಬನ್ನು ಕೆರೆದು ತೆಗೆದರು. ಎಲ್ಲರಿಗೂ ಬಿಲ್ಲು ಪಾಸಾಗಿದೆ. ಬಿಲ್ಲುಗಳು ಮಾತ್ರ ಒಂದನ್ನೊಂದು ಮುರಿಯುವುದಿಲ್ಲ, ಕೂಡುತ್ತಲೇ ಹೋಗುತ್ತವೆ.

ಹೀಗೆಲ್ಲ ಯೋಚಿಸಿದ ಮೇಲೆ ಅಧಿಕಾರಿಗಳಿಗೆ ನಾನೇ ಫೋನು ಮಾಡಿ, ‘ಪ್ರತಿಕ್ರಿಯಿಸುವ’ ಎಂದೇ ಇರಲಿ, ಅದರಲ್ಲಿ ಸುಳ್ಳೇನಿಲ್ಲ ಎಂದೆ. ಅವರು ತುಂಬ ಸಂತೋಷಪಟ್ಟರು.

ಫಲಕ ನಮ್ಮ ಬೀದಿಯ ತಿರುವಿನಲ್ಲೇ ಬಂತು. ಕಂಬ ನೆಡಲು ಗುಂಡಿ ತೋಡುವಾಗ ಕಾವೇರಿ ನೀರಿನ ಕೊಳವೆ ಒಡೆದು ಮೂರು ದಿನ ನೀರು ಹರಿಯಿತು. ನಾವು ಟ್ಯಾಂಕರ್ ತರಿಸಿಕೊಂಡೆವು. ಗುಂಡಿಯಿಂದ ತೆಗೆದ ಮಣ್ಣನ್ನು ಚರಂಡಿಯ ಬಾಯಿಗೆ ಒಟ್ಟಿದ್ದರು. ನಾಲ್ಕನೆಯ ದಿನ ಸಂಜೆ ಮಳೆ ಬಂತು. ಬಾಲ್ಕನಿಯಿಂದ ನೋಡಿದರೆ ಫಲಕದ ಕೆಳಗಿನ ಎರಡು ಸಾಲು ನೀರಿನಲ್ಲಿ ಮುಳುಗಿ, ‘ಮಳೆಯ ಪರಿಣಾಮ’ ಎಂಬ ಮೇಲಿನ ಸಾಲು ಮಾತ್ರ ಓದಲು ಬರುತ್ತಿತ್ತು.