ಯೂರಿಕ್ ಆಮ್ಲಕ್ಕೆ ಮಾತ್ರೆ ಇದೆ, ಹೃದಯವನ್ನು ನೋಡುವವರು ಯಾರು?

ನಿನ್ನೆ ನನ್ನ ಚಿಕ್ಕಪ್ಪನ ಮಗ ತನ್ನ ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟು, ಯೂರಿಕ್ ಆಮ್ಲ 7.6 ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ಇಳಿಸಿಬಿಟ್ಟರೆ ಹೃದಯಾಘಾತದ ಭಯ ಇರುವುದಿಲ್ಲವಂತೆ ಅಕ್ಕ, ಅದಕ್ಕೇ ಮಾತ್ರೆ ಶುರು ಮಾಡಿದ್ದೇನೆ” ಎಂದ. ಅವನಿಗೆ ಇಂದಿನವರೆಗೆ ಒಂದು ಕೀಲೂ ಊದಿಕೊಂಡಿಲ್ಲ, ಮೂತ್ರಪಿಂಡದಲ್ಲಿ ಕಲ್ಲಾಗಿಲ್ಲ. ಅದೇ ವರದಿಯ ಮುಂದಿನ ಪುಟದಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟೆರಾಲ್ 170 ದಾಟಿತ್ತು. ಅದರ ಬಗ್ಗೆ ಅವನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ರಕ್ತದೊತ್ತಡ ಎಷ್ಟಿದೆ ಎಂದು ಕೇಳಿದೆ, ನೆನಪಿಲ್ಲ ಎಂದ. ಸಿಗರೇಟು ಬಿಟ್ಟೆಯಾ ಎಂದು ಕೇಳಿದೆ, ಉತ್ತರ ಬರಲಿಲ್ಲ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಮತ್ತು ಅದು ಅವನ ಮೇಲಿನ ಸಿಟ್ಟಲ್ಲ. ಹೃದಯವನ್ನು ನಿಜವಾಗಿ ಕೆಡಿಸುವ ನಾಲ್ಕೈದು ಸಂಗತಿಗಳು ಕಣ್ಣೆದುರಿಗೇ ಇರುವಾಗ ಅವನ್ನೆಲ್ಲ ಬಿಟ್ಟು, ದಪ್ಪಕ್ಷರದಲ್ಲಿ ಅಚ್ಚಾದ ಒಂದು ಸಂಖ್ಯೆಯ ಹಿಂದೆ ಓಡುವ ಅಭ್ಯಾಸದ ಮೇಲಿನ ಸಿಟ್ಟು.

ನಾನು ವೈದ್ಯಳಲ್ಲ, ಜೀವರಸಾಯನಶಾಸ್ತ್ರದ ಪಾಠ ಹೇಳುತ್ತ ಬಂದವಳು ಎಂಬುದು ಇಲ್ಲಿನ ಸ್ನೇಹಿತರಿಗೆ ತಿಳಿದೇ ಇದೆ. ಪ್ಯೂರೀನ್‌ಗಳು ಒಡೆದು ಯೂರಿಕ್ ಆಮ್ಲವಾಗುವ ದಾರಿಯನ್ನು ಅದೆಷ್ಟೋ ತರಗತಿಗಳಿಗೆ ಬಿಡಿಸಿ ತೋರಿಸಿದ್ದೇನೆ. ನಮ್ಮದೇ ಜೀವಕೋಶಗಳ ಡಿಎನ್‌ಎ, ಆರ್‌ಎನ್‌ಎ ಮತ್ತು ಎಟಿಪಿಗಳಿಂದಲೂ ತಿಂದ ಆಹಾರದಿಂದಲೂ ಬರುವ ಪ್ಯೂರೀನ್‌ಗಳನ್ನು ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಕೊನೆಗೆ ಯೂರಿಕ್ ಆಮ್ಲವನ್ನಾಗಿ ಮಾಡುತ್ತದೆ. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಮತ್ತಷ್ಟು ಒಡೆಯುತ್ತದೆ. ಮನುಷ್ಯರೂ ದೊಡ್ಡ ವಾನರಗಳೂ ವಿಕಾಸದ ಹಾದಿಯಲ್ಲಿ ಅದನ್ನು ಕಳೆದುಕೊಂಡಿರುವುದರಿಂದ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲದ ಮಟ್ಟ ಉಳಿದ ಸಸ್ತನಿಗಳಿಗಿಂತ ಹೆಚ್ಚು. ಹುಟ್ಟಿದ್ದರಲ್ಲಿ ಸುಮಾರು ಮೂರನೇ ಎರಡು ಭಾಗ ಮೂತ್ರಪಿಂಡದ ಮೂಲಕ, ಉಳಿದದ್ದು ಕರುಳಿನ ಮೂಲಕ ಹೊರಹೋಗುತ್ತದೆ. ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಹರಳುಗಟ್ಟುವ ಸಾಧ್ಯತೆ ಇದೆ. ಆ ಹರಳುಗಳು ಕೀಲಿನಲ್ಲಿ ಕೂತು ಉರಿಯೂತ ಎಬ್ಬಿಸಿದರೆ ಅದೇ ಗೌಟ್. ಆದರೆ ಮಟ್ಟ ಏರಿದವರಲ್ಲಿ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ.

ಹೃದಯದ ಮಾತಿಗೆ ಬರುವ ಮೊದಲು ಈ ಮಟ್ಟವನ್ನು ಏರಿಸುವವು ಯಾವುವು ಎಂಬುದನ್ನು ನೋಡಬೇಕು, ಏಕೆಂದರೆ ಗೊಂದಲದ ಬೇರು ಇರುವುದು ಅಲ್ಲಿಯೇ. ಹೊಟ್ಟೆಯ ಸುತ್ತ ಬೊಜ್ಜು ಸೇರಿ ದೇಹ ಇನ್ಸುಲಿನ್‌ಗೆ ಜಡವಾದಾಗ, ರಕ್ತದಲ್ಲಿ ಏರಿದ ಇನ್ಸುಲಿನ್ ಮೂತ್ರಪಿಂಡವು ಯೂರಿಕ್ ಆಮ್ಲವನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಮೂತ್ರಪಿಂಡ ದುರ್ಬಲವಾದರೆ ಮಟ್ಟ ಏರುತ್ತದೆ, ಮದ್ಯ ಕುಡಿದರೆ ಏರುತ್ತದೆ, ಫ್ರಕ್ಟೋಸ್ ತುಂಬಿದ ಸಿಹಿ ಪಾನೀಯಗಳಿಂದಲೂ ಏರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಜಾತಿಯ ಮೂತ್ರವರ್ಧಕಗಳೂ, ಹೃದ್ರೋಗಿಗಳು ಸೇವಿಸುವ ಕಡಿಮೆ ಪ್ರಮಾಣದ ಆಸ್ಪಿರಿನ್ ಕೂಡ ಅದನ್ನು ಏರಿಸುತ್ತವೆ. ಅಂದರೆ ಹೃದ್ರೋಗ ಬರಲು ಬೇಕಾದ ಕಾರಣಗಳೆಲ್ಲ ಇರುವ ದೇಹದಲ್ಲಿ ಯೂರಿಕ್ ಆಮ್ಲವೂ ಹೆಚ್ಚಿರುತ್ತದೆ, ಹೃದ್ರೋಗದ ಚಿಕಿತ್ಸೆ ನಡೆಯುತ್ತಿರುವ ದೇಹದಲ್ಲಿಯೂ ಹೆಚ್ಚಿರುತ್ತದೆ. ಇಂಥ ಸಂಖ್ಯೆಯೊಂದು ಹೃದಯಾಘಾತವಾದವರಲ್ಲಿ ಹೆಚ್ಚು ಕಂಡಿತೆಂದು ಅದನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಹೇಗೆ?

ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೊಡ್ಡ ಜನಸಮೂಹಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಅದು ಮತ್ತೆ ಮತ್ತೆ ಕಂಡಿದೆ. ಆದರೆ ಅರ್ಥದ ವಿಷಯದಲ್ಲಿ ಒಮ್ಮತವಿಲ್ಲ. 1999ರಲ್ಲಿ ಪ್ರಕಟವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ವಿಶ್ಲೇಷಣೆ, ರಕ್ತದೊತ್ತಡ, ಮೂತ್ರವರ್ಧಕ ಮೊದಲಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಯೂರಿಕ್ ಆಮ್ಲಕ್ಕೆ ಸ್ವತಂತ್ರ ಪಾತ್ರ ಉಳಿಯುವುದಿಲ್ಲವೆಂದಿತು; ಮರುವರ್ಷವೇ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ವಿಶ್ಲೇಷಣೆ ಉಳಿಯುತ್ತದೆ ಎಂದಿತು. ವಂಶವಾಹಿಗಳ ದಾರಿಯಿಂದಲೂ ಈ ಪ್ರಶ್ನೆಯನ್ನು ಪರೀಕ್ಷಿಸಿದ್ದಾರೆ. ಯೂರಿಕ್ ಆಮ್ಲವನ್ನು ಸಾಗಿಸುವ ಪ್ರೋಟೀನ್‌ಗಳ ವಂಶವಾಹಿಗಳಲ್ಲಿನ ಭೇದದಿಂದಾಗಿ ಹುಟ್ಟಿನಿಂದಲೇ ಅದರ ಮಟ್ಟ ಹೆಚ್ಚಿರುವವರಿಗೆ ಗೌಟ್ ಖಂಡಿತವಾಗಿ ಹೆಚ್ಚು. ಆದರೆ ಅವರಿಗೆ ಹೃದಯದ ರಕ್ತನಾಳಗಳ ರೋಗವೂ ಅದೇ ರೀತಿ ಹೆಚ್ಚೆಂದು ಇಂಥ ಅಧ್ಯಯನಗಳಲ್ಲಿ ಬಹುಪಾಲು ತೋರಿಸಿಕೊಟ್ಟಿಲ್ಲ.

“ಇಳಿಸಿ ನೋಡಿದರೆ ತಿಳಿಯುತ್ತದಲ್ಲ?” ಎಂದು ನೀವು ಕೇಳಬಹುದು. ಇಳಿಸಿಯೂ ನೋಡಿದ್ದಾರೆ, ಮತ್ತು ಮೊದಲ ಫಲಿತಾಂಶ ಆಸೆ ಹುಟ್ಟಿಸುವಂತೆಯೇ ಇತ್ತು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೊಸದಾಗಿ ಅಧಿಕ ರಕ್ತದೊತ್ತಡ ಕಂಡುಬಂದ 30 ಮಂದಿ ಹದಿಹರೆಯದವರಿಗೆ ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಕೊಟ್ಟಾಗ ರಕ್ತದೊತ್ತಡ ಇಳಿಯಿತು. ಯೂರಿಕ್ ಆಮ್ಲವು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಕಡಿಮೆ ಮಾಡುತ್ತದೆ, ಯೂರಿಕ್ ಆಮ್ಲವನ್ನು ತಯಾರಿಸುವ ಕಿಣ್ವವೇ ಹಾನಿಕಾರಕ ಆಮ್ಲಜನಕ ಕಣಗಳನ್ನು ಹುಟ್ಟಿಸುತ್ತದೆ ಎಂಬ ಪ್ರಯೋಗಾಲಯದ ತಿಳಿವಳಿಕೆಗೂ ಅದು ಹೊಂದುತ್ತಿತ್ತು. ಆದರೆ ಎಳೆಯ ವಯಸ್ಸಿನ 30 ಜನರಲ್ಲಿ ಕೆಲವು ವಾರ ಕಂಡದ್ದನ್ನು ಹಿಡಿದು, ದಶಕಗಳಿಂದ ರಕ್ತನಾಳ ಗಟ್ಟಿಯಾದವರಿಗೆಲ್ಲ ಮಾತ್ರೆ ಹಂಚಲಾಗುವುದಿಲ್ಲ. ಅದನ್ನು ತಿಳಿಯಲು ದೊಡ್ಡ ಪ್ರಯೋಗವೇ ಬೇಕಿತ್ತು, ಅದೂ ನಡೆಯಿತು. ಬ್ರಿಟನ್ನಿನ ಆಲ್-ಹಾರ್ಟ್ ಪ್ರಯೋಗದಲ್ಲಿ ಹೃದಯದ ರಕ್ತನಾಳಗಳ ರೋಗವಿದ್ದ, ಗೌಟ್ ಇಲ್ಲದ, 60 ವರ್ಷ ಮತ್ತು ಮೇಲ್ಪಟ್ಟ 5,700ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಅಲೋಪ್ಯೂರಿನಾಲ್ ಕೊಟ್ಟು ವರ್ಷಗಳ ಕಾಲ ಗಮನಿಸಿದರು. 2022ರಲ್ಲಿ ಫಲಿತಾಂಶ ಹೊರಬಂತು: ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಮಾತ್ರೆ ನುಂಗಿದವರಲ್ಲಿ ಶೇಕಡ 11.0, ನುಂಗದವರಲ್ಲಿ ಶೇಕಡ 11.3. ಇದನ್ನು ವ್ಯತ್ಯಾಸ ಎನ್ನಲಾಗುವುದಿಲ್ಲ. ನನ್ನ ತಮ್ಮನಿಗೆ ಈ ಎರಡು ಅಂಕಿಗಳನ್ನು ಯಾರಾದರೂ ಹೇಳಿದ್ದರೆ ಸಾಕಿತ್ತು.

ಥಯಾಜೈಡ್‌ಗಳ ಕಥೆಯನ್ನೂ ಹೇಳಬೇಕು. ಅವು ಯೂರಿಕ್ ಆಮ್ಲವನ್ನು ಏರಿಸುತ್ತವೆ ಎಂದೆನಲ್ಲ. 1991ರಲ್ಲಿ ಪ್ರಕಟವಾದ ಶೆಪ್ ಪ್ರಯೋಗದಲ್ಲಿ, ವಯಸ್ಸಾದವರ ರಕ್ತದೊತ್ತಡವನ್ನು ಆ ಗುಂಪಿಗೆ ಸೇರುವ ಕ್ಲೋರ್‌ಥ್ಯಾಲಿಡೋನ್‌ನಿಂದ ಆರಂಭಿಸಿ ಇಳಿಸಿದಾಗ ಪಾರ್ಶ್ವವಾಯು ಶೇಕಡ 36ರಷ್ಟು ಕಡಿಮೆಯಾಯಿತು, ಹೃದಯಕ್ಕೂ ಒಳ್ಳೆಯದಾಯಿತು. ಗೌಟ್ ಇರುವವರಿಗೆ ಬೇರೆ ಔಷಧಿ ಆರಿಸುವುದು ಸರಿಯೇ. ಲೋಸಾರ್ಟಾನ್ ರಕ್ತದೊತ್ತಡದ ಜೊತೆಗೆ ಯೂರಿಕ್ ಆಮ್ಲವನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಕೀಲುನೋವೇ ಇಲ್ಲದವರು ವರದಿಯ ಒಂದು ಸಾಲಿಗೆ ಹೆದರಿ, ತಮ್ಮ ಜೀವ ಕಾಯುತ್ತಿರುವ ರಕ್ತದೊತ್ತಡದ ಮಾತ್ರೆಯನ್ನು ತಾವೇ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಸಂಖ್ಯೆಯನ್ನು ಉಳಿಸಿಕೊಳ್ಳಲು ಹೋಗಿ ಹೃದಯವನ್ನೇ ಅಪಾಯಕ್ಕೆ ಒಡ್ಡುವುದೆಂದರೆ ಇದೇ.

ನುಂಗಿದರೆ ನಷ್ಟವೇನು ಎಂಬ ವಾದವೂ ಇದೆ, ಮತ್ತು ಎಲ್ಲ ದೇಶಗಳ ಮಾರ್ಗಸೂಚಿಗಳೂ ಒಂದೇ ರೀತಿ ಇಲ್ಲ ಎಂಬುದು ನಿಜ. ಜಪಾನಿನ ವೈದ್ಯರು ರೋಗಲಕ್ಷಣವಿಲ್ಲದವರಿಗೂ ಮಟ್ಟ ತೀರಾ ಏರಿದಾಗ ಚಿಕಿತ್ಸೆಯನ್ನು ಯೋಚಿಸುತ್ತಾರೆ. ಆದರೆ ಅಮೆರಿಕದ ಸಂಧಿವಾತ ತಜ್ಞರ ಸಂಘದ 2020ರ ಮಾರ್ಗಸೂಚಿ, ಗೌಟ್ ಬಾರದವರಿಗೆ ಸಂಖ್ಯೆಯನ್ನಷ್ಟೇ ನೋಡಿ ಈ ಮಾತ್ರೆಗಳನ್ನು ಶುರು ಮಾಡಬಾರದೆಂದು ಸಲಹೆ ಮಾಡಿದೆ. ನಷ್ಟವಿಲ್ಲ ಎನ್ನುವವರು ಅಲೋಪ್ಯೂರಿನಾಲ್‌ನಿಂದ ವಿರಳವಾಗಿ ಬರುವ, ಚರ್ಮವೇ ಸುಲಿದು ಪ್ರಾಣಕ್ಕೆ ಎರವಾಗಬಲ್ಲ ಪ್ರತಿಕ್ರಿಯೆಯನ್ನು ಮರೆತಿದ್ದಾರೆ. ಎಚ್‌ಎಲ್‌ಎ-ಬಿ 58:01 ಎಂಬ ವಂಶವಾಹಿ ಪ್ರಭೇದವಿರುವವರಿಗೆ ಆ ಅಪಾಯ ಹೆಚ್ಚು. ಯೂರಿಕ್ ಆಮ್ಲ ಇಳಿಸುವ ಇನ್ನೊಂದು ಮಾತ್ರೆಯಾದ ಫೆಬುಕ್ಸೋಸ್ಟ್ಯಾಟ್‌ನ ವಿಷಯದಲ್ಲಂತೂ, ಗೌಟ್ ಮತ್ತು ಹೃದ್ರೋಗ ಎರಡೂ ಇದ್ದವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯ ಸಂಬಂಧಿ ಸಾವು ಶೇಕಡ 4.3 ಇತ್ತು, ಅಲೋಪ್ಯೂರಿನಾಲ್ ಪಡೆದವರಲ್ಲಿ ಶೇಕಡ 3.2. 2020ರ ಇನ್ನೊಂದು ದೊಡ್ಡ ಪ್ರಯೋಗ ಅಂಥ ಅಪಾಯವನ್ನು ಕಾಣಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೂ ಗೌಟ್ ಇಲ್ಲದವನು ಹೃದಯವನ್ನು ಉಳಿಸಿಕೊಳ್ಳುತ್ತೇನೆಂದು, ಹೃದಯದ ವಿಷಯದಲ್ಲಿಯೇ ಇಷ್ಟು ಚರ್ಚೆಗೊಳಗಾದ ಮಾತ್ರೆಯನ್ನು ಏಕೆ ನುಂಗಬೇಕು?

ಇಷ್ಟು ಸಿಟ್ಟು ಏಕೆಂದು ಹಲವರಿಗೆ ಅನ್ನಿಸಬಹುದು. ನನ್ನ ಅಣ್ಣನ ಬಗ್ಗೆ ಇಲ್ಲಿ ಹೆಚ್ಚು ಬರೆದವಳಲ್ಲ. ಅವನಿಗೆ ಸಂಖ್ಯೆಯಷ್ಟೇ ಅಲ್ಲ, ನಿಜವಾದ ಗೌಟ್ ಇತ್ತು. ಹೆಬ್ಬೆರಳು ಕೆಂಪಾಗಿ ಊದಿ, ಮೇಲೆ ಹೊದಿಕೆ ತಾಗಿದರೂ ನರಳುತ್ತಿದ್ದ. ಪ್ರತಿ ಸಲವೂ ನೋವಿನ ಗುಳಿಗೆ, ನಾಲ್ಕು ದಿನ ವಿಶ್ರಾಂತಿ, ಮತ್ತೆ ಕೆಲಸ. ಆ ನೋವಿನ ಗುಳಿಗೆಗಳು ರಕ್ತದೊತ್ತಡವನ್ನು ಏರಿಸಬಲ್ಲವು ಎಂದು ಅವನಿಗೆ ಯಾರೂ ಹೇಳಲಿಲ್ಲ, ಹೃದಯವನ್ನೊಮ್ಮೆ ಪರೀಕ್ಷಿಸೋಣ ಎಂದು ಯಾರಿಗೂ ತೋಚಲಿಲ್ಲ. ಅಂಥದ್ದೊಂದು ಕೆಟ್ಟ ಉಲ್ಬಣ ಕಳೆದ ಕೆಲವೇ ವಾರಗಳಲ್ಲಿ ಹೃದಯಾಘಾತವಾಯಿತು, ಅವನು ಉಳಿಯಲಿಲ್ಲ. ಅವನ ವಿಷಯದಲ್ಲಿ ಒಂದರಿಂದಲೇ ಇನ್ನೊಂದಾಯಿತು ಎನ್ನಲು ನನಗೆ ಆಧಾರವಿಲ್ಲ. ಆದರೆ ಬ್ರಿಟನ್ನಿನ 62,000ಕ್ಕೂ ಹೆಚ್ಚು ಗೌಟ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಲ್ಲಿ ಅದಕ್ಕೆ ಹಿಂದಿನ 60 ದಿನಗಳೊಳಗೆ ಗೌಟ್ ಉಲ್ಬಣಿಸಿದ್ದ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಹೇಳಿದಾಗ, ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಉರಿಯೂತ ಕೀಲಿನಲ್ಲಿ ಕಂಡರೂ ಅದರ ರಾಸಾಯನಿಕ ಸಂದೇಶಗಳು ಇಡೀ ರಕ್ತಪ್ರವಾಹದಲ್ಲಿ ಹರಡುತ್ತವೆ. ಗೌಟ್‌ನ ಉರಿಯೂತಕ್ಕೆ ಬಹುಕಾಲದಿಂದ ಬಳಸುತ್ತಿರುವ ಕಾಲ್ಚಿಸಿನ್ ಔಷಧಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ಹೃದ್ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದ್ದೂ, 2023ರಲ್ಲಿ ಅಮೆರಿಕದಲ್ಲಿ ಆ ಉದ್ದೇಶಕ್ಕೆ ಅದಕ್ಕೆ ಅನುಮತಿ ದೊರೆತದ್ದೂ ಇದೇ ಉರಿಯೂತದ ಕಾರಣಕ್ಕೆ; ಆಮೇಲಿನ ಒಂದು ದೊಡ್ಡ ಪ್ರಯೋಗದಲ್ಲಿ ಮಾತ್ರ ಅದರಿಂದ ಲಾಭ ಕಾಣಲಿಲ್ಲ.

ಹಾಗಾಗಿ ನನಗೆ ಇದು ಎರಡು ಬದಿಯ ಅನ್ಯಾಯವಾಗಿ ಕಾಣುತ್ತದೆ. ಗೌಟ್ ಇಲ್ಲದವನಿಗೆ ಬೇಡದ ಮಾತ್ರೆ ಸಿಗುತ್ತದೆ. ಗೌಟ್ ಇದ್ದು, ಮಟ್ಟವನ್ನು 6ಕ್ಕಿಂತ ಕೆಳಗೆ ಇಳಿಸುವ ಚಿಕಿತ್ಸೆ ನಿಜವಾಗಿ ಬೇಕಾದವನಿಗೆ ನೋವಿನ ಗುಳಿಗೆಯಷ್ಟೇ ಸಿಗುತ್ತದೆ. ಇಬ್ಬರ ಹೃದಯವನ್ನೂ ಯಾರೂ ಕೇಳುವುದಿಲ್ಲ.

ಇವತ್ತು ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದ್ದೆ. ಮಾತ್ರೆಯನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಲಿ, ನನ್ನ ಮಾತು ಕೇಳಿ ಬಿಡಬೇಡ ಎಂದೆ. ಆದರೆ ಹೋದಾಗ ಯೂರಿಕ್ ಆಮ್ಲದ ಸಾಲನ್ನು ಬದಿಗಿಟ್ಟು, ರಕ್ತದೊತ್ತಡ ಅಳೆಸು, ಎಲ್‌ಡಿಎಲ್ ಬಗ್ಗೆ ಕೇಳು, ಸಕ್ಕರೆಯನ್ನೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅನ್ನೂ ನೋಡಿಸು, ಸಿಗರೇಟಿನ ವಿಷಯವನ್ನು ಮುಚ್ಚಿಡದೆ ಹೇಳು ಎಂದು ಒಂದೊಂದಾಗಿ ಬರೆಸಿದೆ. ಸೋಮವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.